ಭಟ್ಟಿಯೊಳಗಿನ ಏಕಶಿಲೆ

2022ರ ಡಿಸೆಂಬರ್. ಆಗ ನಾನು ಕೊಲ್ಹಾಪುರದ ಹೊರಗಿನ ಕೈಗಾರಿಕಾ ವಸಾಹತಿನಲ್ಲಿದ್ದ ಒಂದು ಫೌಂಡ್ರಿಗೆ ಅನುವಾದಕಿಯಾಗಿದ್ದೆ. ಅನುವಾದಕಿ ಎಂಬುದು ನಾನೇ ಇಟ್ಟುಕೊಂಡ ಹುದ್ದೆ. ಗೇಟಿನ ಪುಸ್ತಕದಲ್ಲಿ ವಾಚ್‌ಮನ್ ನನ್ನ ಹೆಸರಿನ ಮುಂದೆ 'ವಿಜಿಟರ್' ಎಂದು ಬರೆದು, ಬಂದ ಕಾರಣದ ಕಾಲಮ್ಮಿನಲ್ಲಿ 'ಕನ್ನಡ' ಎಂದು ತುಂಬುತ್ತಿದ್ದ. ಉಳಿದಂತೆ ನಾನು ಗೃಹಿಣಿ. ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು. ಎಲ್ಲರೂ ಅವರವರ ಕೆಲಸಕ್ಕೆ ಹೊರಟ ಮೇಲೆ ಹತ್ತರಿಂದ ಒಂದರವರೆಗೆ ಊಟದ ಟೇಬಲ್ಲನ್ನು ಒರೆಸಿ, ಅದರ ಮೇಲೆ ಕಾಗದ ಹರಡಿ ಕೂರುತ್ತಿದ್ದೆ.

ಈ ಕೆಲಸ ಬಂದದ್ದು ಅಜಿತ ಅವರಿಂದ. ಅವರು ಫೌಂಡ್ರಿಯ ಮಾಲೀಕರು, ನನ್ನ ಗಂಡನ ಶಾಲೆಯ ಗೆಳೆಯರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹುಯ್ದು ಪಂಪು, ಟ್ರ್ಯಾಕ್ಟರುಗಳ ಭಾಗ ಮಾಡುವ ಜಾಗ. ಅವರ ಭಟ್ಟಿಯ ಜೊತೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಮರಾಠಿಗೆ ಒಬ್ಬರು ಮಾಡಿಕೊಟ್ಟಿದ್ದರು. ಆದರೆ ಭಟ್ಟಿಯ ಮೇಲೆ ದುಡಿಯುವ ಹನ್ನೊಂದು ಜನರಲ್ಲಿ ಏಳು ಜನ ಗಡಹಿಂಗ್ಲಜ ಮತ್ತು ಸಂಕೇಶ್ವರದ ಕಡೆಯವರು, ಕನ್ನಡ ಶಾಲೆಯಲ್ಲಿ ಓದಿದವರು. ಮರಾಠಿ ಸರಾಗವಾಗಿ ಮಾತಾಡುತ್ತಾರೆ, ಓದುವಾಗ ಮಾತ್ರ ಕಣ್ಣು ಕನ್ನಡ ಹುಡುಕುತ್ತದೆ. ನನ್ನದು ಸ್ವಲ್ಪ ಬೇರೆ ಕಥೆ. ಇಂಗ್ಲಿಷ್ ಕಾನ್ವೆಂಟಿನ ಸಿಸ್ಟರುಗಳಿಂದ ಬಂತು, ಮರಾಠಿ ಓಣಿಯಿಂದ ಬಂತು. ಕನ್ನಡವನ್ನು ಗಡಹಿಂಗ್ಲಜದ ತವರುಮನೆಯಲ್ಲಿ ಅವ್ವ ಬೇಸಿಗೆ ರಜೆಯಲ್ಲಿ ಪಾಟಿಯ ಮೇಲೆ ತಿದ್ದಿಸಿದಳು. ಅಜಿತ ಅವರಿಗೆ ಮೂರೂ ಒಂದೇ ಮನೆಯಲ್ಲಿ ಸಿಕ್ಕಿದ್ದೇ ಸಾಕಾಗಿತ್ತು.

ಮೊದಲ ಇಪ್ಪತ್ತು ಪುಟ ನೀರಿನಂತೆ ಹರಿಯಿತು. ಕೈಗವಸು ಹಾಕಿಕೊಳ್ಳಿ, ಒದ್ದೆ ಗುಜರಿ ಹಾಕಬೇಡಿ, ಇಂಥವು. ಇಪ್ಪತ್ತೆರಡನೆಯ ಪುಟದಲ್ಲಿ ಒಂದು ಶಬ್ದ ಬಂದು ದಾರಿಗೆ ಅಡ್ಡ ನಿಂತಿತು: ಮೊನೊಲಿಥಿಕ್ ಲೈನಿಂಗ್.

ಮೊನೊಲಿತ್ ನನಗೆ ಗೊತ್ತಿದ್ದ ಶಬ್ದ. ಎಂಟನೆಯ ಇಯತ್ತೆಯಲ್ಲಿ ಭೂಗೋಳದ ಸಿಸ್ಟರ್ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಒಂಟಿಯಾಗಿ ಬಿದ್ದಿರುವ ಕೆಂಪು ಬಂಡೆಯ ಚಿತ್ರ ತೋರಿಸಿ, ಮೊನೊ ಎಂದರೆ ಗ್ರೀಕಿನಲ್ಲಿ ಒಂದು, ಲಿಥೋಸ್ ಎಂದರೆ ಕಲ್ಲು ಎಂದು ಬೋರ್ಡಿನ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅದೇ ವರ್ಷ ಮನೆಯವರೆಲ್ಲ ಶ್ರವಣಬೆಳಗೊಳಕ್ಕೆ ಹೋದಾಗ ನಾನು ಗೊಮ್ಮಟನ ಪಾದದ ಬೆರಳಿನ ಹತ್ತಿರ ನಿಂತು ಅವ್ವನಿಗೆ 'ಇದು ಮೊನೊಲಿತ್' ಎಂದೆ. ಅವ್ವ, 'ಏಕಶಿಲೆ ಅನ್ನು, ಚಂದಾಗಿ ಕೇಳಸ್ತೈತಿ' ಎಂದಳು. ಇಷ್ಟು ದೊಡ್ಡದನ್ನು ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ, ಎಲ್ಲೂ ತುಂಡು ಕೂಡಿಸಿಲ್ಲ ಎನ್ನುವ ಬೆರಗು ಆ ಶಬ್ದದ ಒಳಗೇ ಇದೆ. ಬಸದಿಯ ಮುಂದಿನ ಮಾನಸ್ತಂಭಕ್ಕೆ, ಹಂಪಿಯ ನರಸಿಂಹನಿಗೆ, ಹಳೆಯ ಕಾಲದವರು ಸತ್ತವರ ನೆನಪಿಗೆ ಹೊಲದಲ್ಲಿ ನೆಟ್ಟ ನಿಲುಗಲ್ಲಿಗೆ, ಎಲ್ಲಕ್ಕೂ ಅದು ಒಪ್ಪುತ್ತದೆ.

ಆದರೆ ಭಟ್ಟಿಯೊಳಗೆ ಏಕಶಿಲೆ ಎಲ್ಲಿಂದ ಬಂತು? ಡಿಕ್ಷನರಿ ತೆಗೆದರೆ ಆ ಶಬ್ದ ಊರೆಲ್ಲ ತಿರುಗಾಡಿ ಬಂದಿತ್ತು. ಮನೆ ಕಟ್ಟುವವರು ಗೋಡೆ, ಸ್ಲ್ಯಾಬು ಎರಡನ್ನೂ ಒಂದೇ ಬಾರಿಗೆ ಕಾಂಕ್ರೀಟ್ ಹುಯ್ದರೆ ಅದು ಮೊನೊಲಿಥಿಕ್. ಒಂದೇ ಸಿಲಿಕಾನ್ ತುಣುಕಿನ ಮೇಲೆ ಮಾಡಿದ ಕಂಪ್ಯೂಟರ್ ಚಿಪ್ ಮೊನೊಲಿಥಿಕ್. ಒಡಕಿಲ್ಲದ ರಾಜಕೀಯ ಪಕ್ಷಕ್ಕೂ ಪತ್ರಿಕೆಯವರು ಅದನ್ನೇ ಅಂಟಿಸಿದ್ದರು. ಕಲ್ಲು ಎಲ್ಲೋ ಹಿಂದೆ ಉಳಿದು 'ಜೋಡಣೆಯಿಲ್ಲದ್ದು' ಎನ್ನುವುದಷ್ಟೇ ಮುಂದೆ ಬಂದಿತ್ತು. ನಾನು ಏನೇನೋ ಯೋಚಿಸಿ 'ಏಕಶಿಲಾ ಒಳಪದರ' ಎಂದು ಬರೆದು, ಅದನ್ನು ಒಂದು ಕಾರ್ಡಿನ ಮೇಲೆ ದೊಡ್ಡದಾಗಿ ನಕಲು ಮಾಡಿಕೊಂಡು ಫೌಂಡ್ರಿಗೆ ಹೋದೆ.

ಕಾರ್ಡನ್ನು ಮೊದಲು ಓದಿದವನು ಶಿವಲಿಂಗ. ಅವನು ಮೆಲ್ಟರ್, ಅಂದರೆ ಭಟ್ಟಿಯ ಬಾಯಿಯ ಪಕ್ಕದ ಪ್ಲ್ಯಾಟ್‌ಫಾರ್ಮಿನ ಮೇಲೆ ನಿಂತು ಕಬ್ಬಿಣ ಕರಗಿಸುವವನು. ಮೂವತ್ತೈದರ ಆಸುಪಾಸು. ಹಣೆಗೆ ದಿನವೂ ವಿಭೂತಿ. ಹತ್ತು ಗಂಟೆಯ ಹೊತ್ತಿಗೆ ಬೆವರಿಗೆ ಅದು ಹುಬ್ಬಿಗೆ ಇಳಿದಿರುತ್ತಿತ್ತು.

"ಅಕ್ಕಾರ, ಇದನ್ನ ಓದಿದ್ರ ಕೈ ಮುಗೀಬೇಕ ಅನ್ನಸ್ತೈತ್ರಿ. ಕೆಲಸಾ ಮಾಡಬೇಕ ಅನ್ನಸಂಗಿಲ್ಲ."

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆಗ ಮೂಲೆಯಲ್ಲಿ ಕುಳಿತಿದ್ದ ಪಾಯಗೊಂಡ ಕಾಕಾ ಕಾರ್ಡು ಇಸಿದುಕೊಂಡರು. ಅವರು ಲೈನಿಂಗ್ ಮಿಸ್ತ್ರಿ. ಐವತ್ತೆಂಟು ವಯಸ್ಸು, ಗಡಹಿಂಗ್ಲಜದ ಹತ್ತಿರದ ಹಳ್ಳಿಯ ಜೈನ ರೈತರ ಮನೆಯವರು. ಭಟ್ಟಿಯ ಒಳಗೋಡೆಯನ್ನು ಅವರ ಹೊರತು ಯಾರೂ ಮುಟ್ಟುತ್ತಿರಲಿಲ್ಲ.

"ಒಂದ ಕಲ್ಲಿನ ಲೈನಿಂಗ್ ಅಂತ ಬರೀರಿ, ಬಾಯಾರ. ನಮ್ಮೂರ ಬಸದಿ ಮುಂದ ಮಾನಸ್ತಂಭ ಐತಿ. ಇಪ್ಪತ್ತೊಂದ ಫೂಟ. ಸಣ್ಣಾಂವ ಇದ್ದಾಗ ಸುತ್ತೂ ಉಗುರಾಡಿಸಿ ನೋಡ್ಯೇನಿ. ಉಗುರ ಎಲ್ಲಿ ಸಿಗತೈತಿ, ಅಲ್ಲಿ ಎರಡ ಕಲ್ಲ. ನಂದೂ ಹಂಗ ಇರಬೇಕು. ಎಲ್ಲೂ ಉಗುರ ಸಿಗಬಾರದು."

"ಆದ್ರ ಕಾಕಾ, ಇಲ್ಲಿ ಕಲ್ಲ ಎಲ್ಲೈತ್ರಿ?" ಎಂದೆ.

"ನಾಳೆ ಬರ್ರಿ. ಲೈನಿಂಗ್ ಐತಿ. ಕಲ್ಲ ಹೆಂಗ ಹುಟ್ಟತೈತಿ, ತೋರಸ್ತೇನಿ."

ಮರುದಿನ ಮಂಗಳವಾರ. ಕೆಲಸ ಸಂಜೆಗೆ ಹೋಗಿದೆ ಎಂದು ಫೋನು ಬಂತು. ಅತ್ತೆಗೆ ಹೊತ್ತು ಮುಳುಗುವ ಮೊದಲು ಊಟ ಬಡಿಸುವಂತೆ ಪಕ್ಕದ ಬೀದಿಯ ನಾದಿನಿಗೆ ಹೇಳಿ, ವಹಿ, ಪೆನ್ನು, ನೀರಿನ ಬಾಟಲಿ ಹಿಡಿದುಕೊಂಡು ಹೊರಟೆ.

ಓದುಗರಿಗಾಗಿ ಆ ಕೆಲಸವನ್ನು ಸರಳವಾಗಿ ಹೇಳುತ್ತೇನೆ. ಇಂಡಕ್ಷನ್ ಭಟ್ಟಿ ಎಂದರೆ ತಾಮ್ರದ ಕೊಳವೆಯ ಒಂದು ದೊಡ್ಡ ಸುರುಳಿ. ಅದರಲ್ಲಿ ವಿದ್ಯುತ್ ಹರಿದರೆ ನಡುವೆ ಇಟ್ಟ ಕಬ್ಬಿಣ ತಾನೇ ಕಾದು ಕರಗುತ್ತದೆ. ಸುರುಳಿ ಸುಡಬಾರದೆಂದು ಆ ಕೊಳವೆಯೊಳಗೆ ಸದಾ ನೀರು ಓಡುತ್ತಿರುತ್ತದೆ. ಹೀಗಾಗಿ ಒಂದು ಕಡೆ ಅರ್ಧ ಟನ್ ಕುದಿಯುವ ಕಬ್ಬಿಣ, ಇನ್ನೊಂದು ಕಡೆ ನೀರು. ಇವೆರಡರ ನಡುವೆ ಇರುವುದೇ ಲೈನಿಂಗ್. ಅಲ್ಲಿ ಅದರ ದಪ್ಪ ನಾಲ್ಕು ಬೆರಳು. ಆ ಗೋಡೆಯಲ್ಲಿ ಬಿರುಕು ಬಿಟ್ಟು ಕರಗಿದ ಕಬ್ಬಿಣ ಕೊಳವೆಗೆ ತಾಗಿದರೆ ನೀರು ಒಮ್ಮೆಲೇ ಆವಿಯಾಗಿ, ಒಳಗಿದ್ದುದನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತದೆ. ಮೇಲೆ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿರುವುದು ಮೆಲ್ಟರ್.

ಆ ಗೋಡೆ ಶುರುವಾಗುವುದು ಪುಡಿಯಿಂದ. ಬಿಳಿಯ ಸಿಲಿಕಾ ಪುಡಿ, ಅಂದರೆ ಬೆಣಚುಕಲ್ಲಿನ ಪುಡಿ. ಅದರಲ್ಲಿ ಚೂರು ಬೋರಿಕ್ ಆಸಿಡ್. ರವೆಯಂತೆ ಕಾಣುತ್ತದೆ, ಮುಟ್ಟಿದರೆ ರವೆಗಿಂತ ಒರಟು. ಭಟ್ಟಿಯ ನಡುವೆ ಉಕ್ಕಿನ ತಗಡಿನ ಒಂದು ದೊಡ್ಡ ಡಬ್ಬಿ ಇಳಿಸುತ್ತಾರೆ. ಅದಕ್ಕೆ ಫಾರ್ಮರ್ ಎನ್ನುತ್ತಾರೆ. ಡಬ್ಬಿ ಮತ್ತು ಸುರುಳಿಯ ನಡುವಿನ ಸಂದಿಗೆ ಪುಡಿ ಸುರಿಯುವುದು, ಉದ್ದ ಹಿಡಿಯ ಕಬ್ಬಿಣದ ಮುಳ್ಳಿನಿಂದ ಚುಚ್ಚಿ ಗಾಳಿ ತೆಗೆಯುವುದು, ಬಡಿದು ಗಟ್ಟಿ ಮಾಡುವುದು, ಮೇಲ್ಮೈಯನ್ನು ಮುಳ್ಳಿನಿಂದ ಕೆರೆದು ಒರಟು ಮಾಡುವುದು, ಮತ್ತೆ ಪುಡಿ ಸುರಿಯುವುದು. ಹೀಗೆ ಪದರದ ಮೇಲೆ ಪದರ. ತುಂಬಿದ ಮೇಲೆ ಹದಿನೆಂಟು ತಾಸು ಮೆಲ್ಲಗೆ ಕಾಯಿಸುತ್ತಾರೆ. ಕೊನೆಗೆ ಫಾರ್ಮರ್ ಒಳಗಿನ ಗುಜರಿಯ ಜೊತೆ ತಾನೂ ಕರಗಿ ಹೋಗುತ್ತದೆ, ಪುಡಿ ಬೆಂದು ಕಲ್ಲಾಗಿ ನಿಲ್ಲುತ್ತದೆ. ಒಂದೇ ಕಲ್ಲು. ಗೊಮ್ಮಟನನ್ನು ಬೆಟ್ಟದಿಂದ ಬಿಡಿಸಿ ತೆಗೆದರು. ಇಲ್ಲಿಯವರು ಹಿಟ್ಟಿನಿಂದ ಬಂಡೆ ಮಾಡುತ್ತಾರೆ! ನಾನು ವಹಿಯಲ್ಲಿ ಈ ವಾಕ್ಯ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಅಂದು ಒಂದು ತೊಡಕಾಗಿತ್ತು. ಕಾಕಾ ಯಾವಾಗಲೂ ಬೆಳಗ್ಗೆ ಏಳಕ್ಕೆ ಶುರುಮಾಡಿ ಮಧ್ಯಾಹ್ನಕ್ಕೆ ಮುಗಿಸುವವರು. ಅಂದು ಬೆಳಗ್ಗೆಯೇ ತಳ ಬಡಿದು ಮುಗಿದಿತ್ತು, ಆದರೆ ಗೋಡೆಗೆ ಬೇಕಾದ ಫಾರ್ಮರ್ ಇಚಲಕರಂಜಿಯಿಂದ ಬರಬೇಕಿತ್ತು. ಅಲ್ಲಿಯ ತಗಡಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ತಡವಾಗಿ, ಟೆಂಪೊ ಗೇಟಿನೊಳಗೆ ಬಂದಾಗ ನಾಲ್ಕು ಗಂಟೆ ಹೊಡೆದಿತ್ತು. ಕಾಕಾ ಟೆಂಪೊದವನಿಗೆ, "ಬಾರಪಾ ಸಾಹೇಬ, ಲಗ್ನಾ ಮುಗದ ಮ್ಯಾಲ ವರಾ ಬಂದಂಗಾತು" ಎಂದು, ಅವನ ಉತ್ತರಕ್ಕೆ ಕಾಯದೆ ಕೆಲಸಕ್ಕೆ ಇಳಿದರು.

ನಾನು ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಎಲ್ಲ ಬರೆದುಕೊಳ್ಳುತ್ತಿದ್ದೆ. ಐದು ಗಂಟೆ ಹತ್ತು ನಿಮಿಷಕ್ಕೆ ಕಾಕಾ ಗೋಡೆಯ ಗಡಿಯಾರ ನೋಡಿ, ಆಗಷ್ಟೇ ಕೈಗೆತ್ತಿಕೊಂಡ ಮುಳ್ಳು ಕೆಳಗಿಟ್ಟು, ಕೈಕಾಲು ತೊಳೆದುಕೊಂಡು, ಡಬ್ಬಿ ಬಿಚ್ಚಿದರು. ಜೋಳದ ಭಕ್ರಿ, ಹೆಸರುಕಾಳಿನ ಪಲ್ಯ. ಅವರು ರಾತ್ರಿ ಊಟ ಬಿಟ್ಟವರು, ಸೂರ್ಯ ಮುಳುಗುವ ಎರಡು ಘಳಿಗೆ ಮೊದಲೇ ಉಣ್ಣಬೇಕು. ನಮ್ಮ ಅತ್ತೆಯದೂ ಅದೇ ನೇಮ. ಚಳಿಗಾಲದಲ್ಲಿ ನನ್ನ ಕುಕ್ಕರ್ ನಾಲ್ಕೂವರೆಗೇ ಸೀಟಿ ಹಾಕುತ್ತದೆ. ಕಾಕಾ ಇಲ್ಲದೆ ಪುಡಿ ಮುಟ್ಟುವವರಿಲ್ಲ, ಹಾಗಾಗಿ ಉಳಿದವರೂ ಚಹಾಕ್ಕೆ ಹೋದರು. ನಾನು ಎದ್ದು ಸಂದಿಯೊಳಗೆ ಇಣುಕಿದೆ. ಬಡಿದ ಪುಡಿ ಸಾರಿಸಿದ ನೆಲದಂತೆ ನುಣ್ಣಗಿತ್ತು. ಪಕ್ಕದ ಮರಳಿನ ವಿಭಾಗದಿಂದ ಹಾರಿ ಬಂದ ಕಪ್ಪು ದೂಳು ಅದರ ಮೇಲೆ ಕೂರುತ್ತಾ ಬಿಳಿ ಬಣ್ಣ ಮಸುಕಾಗುತ್ತಿತ್ತು. ಸೆರಗಿನಿಂದ ಒರೆಸಿಬಿಡೋಣ ಅನ್ನಿಸಿ ನನಗೇ ನಗು ಬಂತು.

ಕಾಕಾ ಮರಳಿದಾಗ ಐದು ಐವತ್ತು. ಚೀಲ ಎತ್ತಿ ಪುಡಿ ಸುರಿದರು. ಏಳೂಕಾಲಿಗೆ ಕೆಲಸ ಮುಗಿಯಿತು.

ನಾನು ಅನುವಾದಿಸಿದ ಲೈನಿಂಗ್ ರಿಪೋರ್ಟಿನ ಹಾಳೆಯನ್ನು ಮೊದಲ ಸಲ ತುಂಬುವುದೂ ಅಂದೇ ಇತ್ತು. ಕಾಕಾ ಕನ್ನಡಕ ಏರಿಸಿ ಒಂದೊಂದೇ ಪ್ರಶ್ನೆ ಗಟ್ಟಿಯಾಗಿ ಓದಿದರು. ಆರನೆಯದು: 'ಪದರ ತುಂಬುವಾಗ ಕೆಲಸ ನಡುವೆ ನಿಂತಿತೇ? ಹೌದು / ಇಲ್ಲ.' ಅವರು 'ಇಲ್ಲ' ಎಂಬುದರ ಮೇಲೆ ಸರಿ ಗುರುತು ಹಾಕಿ ನನ್ನ ಮುಖ ನೋಡಿದರು.

"ಬರೋಬರ್ ಐತಿಲ್ರಿ, ಬಾಯಾರ?"

"ಬರೋಬರ್ ಐತ್ರಿ, ಕಾಕಾ," ಎಂದೆ.

ಬುಧವಾರ ಬೆಳಗ್ಗೆ ಹತ್ತೂಕಾಲು. ಟೇಬಲ್ಲಿನ ಮೇಲೆ ಇಪ್ಪತ್ತಮೂರನೆಯ ಪುಟ. ಮೊದಲು ಕರಡಾಗಿ ಅನುವಾದಿಸಿದ್ದನ್ನು ಚೆನ್ನಾಗಿ ನಕಲು ಮಾಡುತ್ತಿದ್ದೆ. ವಾಕ್ಯ ಹೀಗಿತ್ತು: 'ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೆಲಸ ನಿಂತರೆ, ಮೇಲಿನ ಸಡಿಲ ಪುಡಿ ಮತ್ತು ದೂಳನ್ನು ತೆಗೆದು, ಮೇಲ್ಮೈಯನ್ನು ಆಳವಾಗಿ ಕೆರೆಯದೆ ಹೊಸ ಪದರ ಹಾಕಬೇಡಿ. ಇಲ್ಲವಾದರೆ ಎರಡು ಪದರ ಬೆಸೆಯದೆ, ಅಲ್ಲಿಂದ ಲೋಹ ಹೊರಗೆ ನುಗ್ಗಬಹುದು.' ದೂಳು ಎಂದು ಬರೆಯುವಾಗ ಪೆನ್ನು ನಿಂತಿತು. ನಾನು ಆ ದೂಳನ್ನು ನೋಡಿದ್ದೆ. ಒರೆಸೋಣ ಎಂದುಕೊಂಡಿದ್ದೆ. ಯಾರೂ ಒರೆಸಿರಲಿಲ್ಲ. ವಹಿ ತೆಗೆದು ನೋಡಿದೆ. ಐದು ಹತ್ತು, ಊಟ. ಐದು ಐವತ್ತು, ಪುಡಿ. ನಲವತ್ತು ನಿಮಿಷ! ಉಳಿದ ಎಲ್ಲ ಪದರಗಳ ಮುಂದೆ ನಾನು 'ಕೆರೆತ' ಎಂದು ಬರೆದಿದ್ದೆ. ಆ ಒಂದರ ಮುಂದೆ ಇರಲಿಲ್ಲ.

ಹಾಗಿದ್ದರೆ ಆರನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರಕ್ಕೆ ನಾನೇಕೆ ಬರೋಬರ್ ಎಂದೆ? ಸಂಜೆಯ ಆ ಊಟ ನನಗೆ ಕೆಲಸ ನಿಂತಂತೆ ಕಂಡಿರಲೇ ಇಲ್ಲ. ನಮ್ಮ ಮನೆಗಳಲ್ಲಿ ಆ ಊಟ ಹೊತ್ತು ಮುಳುಗುವುದರಷ್ಟೇ ಸಹಜ. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಕಾ ಸುಳ್ಳು ಬರೆದಿರಲಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ. ಆದರೂ ಹಾಳೆಯ ಮೇಲೆ ಇದ್ದದ್ದು ತಪ್ಪು.

ಫೋನು ಮಾಡಿದೆ. ಅಜಿತ ಎತ್ತಲಿಲ್ಲ. ಆಫೀಸಿನ ಫೋನನ್ನೂ ಯಾರೂ ಎತ್ತಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೇ ಪಾಳಿಯವರು ಕಾಯಿಸಲು ಶುರುಮಾಡುತ್ತಾರೆಂದು ಕಾಕಾ ಹೇಳಿದ್ದು ನೆನಪಿತ್ತು. ತಾಸಿಗೆ ನೂರು ಡಿಗ್ರಿ, ನಡುವೆ ಎರಡು ತಾಸು ತಡೆ. ಈಗಾಗಲೇ ಸಾವಿರದ ಹತ್ತಿರ ಬಂದಿರುತ್ತದೆ. ಗ್ಯಾಸ್ ಬಂದ್ ಮಾಡಿದೆ, ಅತ್ತೆಗೆ 'ಬರ್ತೀನ್ರಿ' ಎಂದೆ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿದೆ. ರಿಕ್ಷಾದವನು ಕನ್ನಡಿಯಲ್ಲಿ ನನ್ನನ್ನು ನೋಡಿ ಮರಾಠಿಯಲ್ಲಿ, "ಏವಢೀ ಘಾಈ ಕಸಲೀ, ಕಾಕೂ?" ಎಂದ. ಇಷ್ಟು ಅವಸರ ಯಾತಕ್ಕೆ ಎಂದು ಕೇಳಿದ್ದು. ಉಳಿದ ದಿನವಾಗಿದ್ದರೆ ಕಾಕೂ, ಅಂದರೆ ಚಿಕ್ಕಮ್ಮ, ಎಂದದ್ದಕ್ಕೆ ಮನಸ್ಸು ಮುದುಡುತ್ತಿತ್ತು. ಅಂದು, "ಭಟ್ಟಿ ವಿತಳಾಯಚ್ಯಾ ಆತ ಪೋಚಾಯಚಂಯ," ಎಂದೆ, ಭಟ್ಟಿ ಕರಗುವುದರೊಳಗೆ ಮುಟ್ಟಬೇಕು ಎಂದು. ಅವನಿಗೆ ಏನು ತಿಳಿಯಿತೋ, ಗೇರು ಬದಲಿಸಿದ.

ಹನ್ನೊಂದೂಕಾಲಿಗೆ ಒಳಗೆ ಹೋದಾಗ ಪ್ಯಾನೆಲ್ಲಿನ ಮೇಲೆ ಕೆಂಪು ಅಂಕಿ 1050. ಇನ್ನು ಒಂದೆರಡು ತಾಸಿನಲ್ಲಿ ಗುಜರಿ ಕರಗತೊಡಗುತ್ತದೆ. ಶಿವಲಿಂಗ ಪ್ಲ್ಯಾಟ್‌ಫಾರ್ಮಿನ ಮೇಲಿದ್ದ. ಅಜಿತ ಕೆಳಗೆ ನಿಂತು ಯಾರೊಡನೆಯೋ ಅಚ್ಚುಗಳ ಬಗ್ಗೆ ಮಾತಾಡುತ್ತಿದ್ದರು. ನನ್ನ ದನಿ ನನಗೇ ಕೇಳದಷ್ಟು ಸದ್ದು. ವಹಿ ಮತ್ತು ಕೈಪಿಡಿಯ ಪುಟ ಎರಡನ್ನೂ ಅವರ ಮುಂದೆ ಹಿಡಿದು ಕೂಗಿ ಹೇಳಿದೆ.

"ವೈನಿ, ರಿಪೋರ್ಟಿನ್ಯಾಗ 'ಇಲ್ಲ' ಅಂತ ಬರದೈತಲ್ರಿ. ನಾನೇ ಸಹಿ ಮಾಡೇನಿ."

"ಬರಿಯೂಮುಂದ ನಾನೂ ಅಲ್ಲೇ ಇದ್ದೆ. ನನಗೂ ಅದು ನಿಂತಂಗ ಅನ್ನಿಸಿಲ್ಲ, ಅಜಿತಣ್ಣ. ಆದ್ರ ನಿಂತಿತ್ತು."

ಅವರು ಹಣೆ ಒತ್ತಿಕೊಂಡರು. ಶನಿವಾರ ಲಾರಿ ಹೊರಡಬೇಕಿತ್ತು; ಲೈನಿಂಗ್ ಒಡೆದರೆ ತಣ್ಣಗಾಗಲು, ಒಡೆಯಲು, ಮತ್ತೆ ತುಂಬಲು, ಕಾಯಿಸಲು ಪೂರಾ ವಾರ ಹೋಗುತ್ತದೆ. "ಸೋರಿದ್ರ ಅಲಾರ್ಮ್ ಹೊಡೀತೈತ್ರಿ, ವೈನಿ. ಪವರ್ ತಾನ ಕಟ್ ಆಗತೈತಿ," ಎಂದರು. ಅವರ ಮಾತಿನಲ್ಲಿ ಮೊಂಡುತನ ಇರಲಿಲ್ಲ, ಆಸೆ ಇತ್ತು.

ಅಷ್ಟರಲ್ಲಿ ಪಾಯಗೊಂಡ ಕಾಕಾ ಬಂದರು. ವಿಷಯ ಕೇಳುತ್ತಲೇ ಅವರ ಮುಖ ಬಿಗಿಯಿತು. "ಬಾಯಾರ, ನೀವು ಮೊನ್ನೆ ಬಂದವರು. ನಾ ಮೂವತ್ತೊಂದ ವರ್ಷಾತು ಇದನ್ನ ಮಾಡಾಕತ್ತಿ. ಇಲ್ಲೀತನಕಾ ನನ್ನ ಗ್ವಾಡಿ ಒಮ್ಮೆನೂ ಸೋರಿಲ್ಲ. ನಿಲ್ಲಸಲಾರದ ಮಾಡೇನಿ."

ಹಿರಿಯರಿಗೆ ಎದುರು ಮಾತಾಡಿ ರೂಢಿಯಿಲ್ಲದವಳು ನಾನು. ಆಗ ಮೇಲಿನಿಂದ ಶಿವಲಿಂಗನ ದನಿ ಬಂತು, ಚೇಷ್ಟೆಯ ದನಿ:

"ಹೌದ್ರಿ ಕಾಕಾ, ನಾವು ಉಣ್ಣಾಕ ಹೋದ್ರ ಬ್ರೇಕು. ನೀವು ಉಣ್ಣಾಕ ಹೋದ್ರ ಧರ್ಮ!"

ಹೇಳಿದವನೇ ನಾಲಿಗೆ ಕಚ್ಚಿಕೊಂಡ. ಯಾರೂ ನಗಲಿಲ್ಲ. ಕಾಕಾ ಕತ್ತೆತ್ತಿ ಅವನನ್ನು ನೋಡಿದರು, ನೋಡುತ್ತಲೇ ಇದ್ದರು. ಬೈಯುತ್ತಾರೆಂದು ನಾನು ಕಾದೆ. ಅವರ ಕಣ್ಣು ಶಿವಲಿಂಗನ ಮುಖದಿಂದ ಅವನು ನಿಂತ ಜಾಗಕ್ಕೆ ಇಳಿಯಿತು.

"ಕಾಕಾ," ನಾನು ಮೆಲ್ಲಗೆ ಕೇಳಿದೆ, "ಉಂಡ ಬಂದ ಮ್ಯಾಲ ಕೆರದ್ರೇನ್ರಿ?"

ಅವರ ಬಲಗೈ ಗಾಳಿಯಲ್ಲಿ ಸಣ್ಣಗೆ ಆಡಿತು. ಬಡಿದಂತೆ, ಆಮೇಲೆ ಏನನ್ನೋ ಹುಡುಕಿದಂತೆ. ಕೈ ತಾನು ಮಾಡಿದ್ದನ್ನು ನೆನಪು ಮಾಡಿಕೊಳ್ಳುತ್ತಿತ್ತು.

"ಬಡದೆ. ಮುಳ್ಳ ತಗೊಂಡೆ. ಘಡಿಯಾಳ ನೋಡಿದೆ." ಒಂದೊಂದೇ ಮಾತು ಬಂತು. "ಮುಳ್ಳ ಅಲ್ಲೇ ಇಟ್ಟ ಹ್ವಾದೆ. ಬಂದಾಗ ಮುಳ್ಳ ಅಲ್ಲೇ ಬಿದ್ದಿತ್ತು. ಕೆರದ ಹೋಗೇನಿ ಅಂತ ತಿಳದು ಸುರುವಿದೆ. ಕೆರದಿಲ್ರಿ, ಬಾಯಾರ. ಕೆರದಿಲ್ಲ."

"ಕಾಕಾ, ಅಲಾರ್ಮ್..." ಅಜಿತ ಶುರುಮಾಡಿದರು.

"ಅಲಾರ್ಮ್ ಹೊಡ್ಯೂದು ಸೋರಿದ ಮ್ಯಾಲ. ಮ್ಯಾಲ ನಿಂತಾಂವ ಶಿವಲಿಂಗ. ನಾ ಅಲ್ಲ, ನೀವೂ ಅಲ್ಲ." ಕಾಕಾ ತಾವೇ ಪ್ಯಾನೆಲ್ಲಿನ ಹತ್ತಿರ ನಡೆದರು. "ನಿಮ್ಮ ಭಟ್ಟಿ, ನಿಮ್ಮ ಬಟನ್. ನಾ ಒತ್ತಂಗಿಲ್ಲ. ಆದ್ರ ನೀವು ಒತ್ತೂತನಕಾ ಇಲ್ಲಿಂದ ಅಲಗಂಗಿಲ್ಲ."

ಅಜಿತ ಅಂಕಿ ನೋಡಿದರು. 1065. ನನ್ನನ್ನು ನೋಡಿದರು, ಕಾಕಾರನ್ನು ನೋಡಿದರು. ಕೊನೆಗೆ ಮೇಲೆ ನೋಡಿ, "ಶಿವಲಿಂಗ, ಇಳಿ ಕೆಳಗ," ಎಂದು ಕೆಂಪು ಬಟನ್ ಒತ್ತಿದರು. ಭಟ್ಟಿಯ ಗುಂಯ್ ಎನ್ನುವ ಸದ್ದು ನಿಂತಾಗ ಕಿವಿಯಲ್ಲಿ ಹತ್ತಿ ಇಟ್ಟಂತಾಯಿತು.

ನಿಜ ಹೇಳಬೇಕೆಂದರೆ ಮುಂದಿನ ಎರಡು ದಿನ ನನಗೆ ಊಟ ಸೇರಲಿಲ್ಲ. ಫಾರ್ಮರಿನ ಹಿಂದೆ ಏನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಗೋಡೆ ಚೆನ್ನಾಗಿಯೇ ಬೆಸೆದಿದ್ದರೆ? ಒಬ್ಬ ಹಿರಿಯರ ಮೂವತ್ತೊಂದು ವರ್ಷದ ಹೆಸರನ್ನು, ಒಂದು ಕಾರ್ಖಾನೆಯ ವಾರವನ್ನು ನಾನು ಒಂದು ವಾಕ್ಯಕ್ಕಾಗಿ ಹಾಳು ಮಾಡಿದೆನೇ?

ಶುಕ್ರವಾರ ಬೆಳಗ್ಗೆ ಒಡೆಯುವುದಕ್ಕೆ ಕರೆದರು. ಗುಜರಿ ಹೊರಗೆ ತೆಗೆದು, ಫಾರ್ಮರ್ ಕತ್ತರಿಸಿ ಎಳೆದರು. ಬೆಂದ ಗೋಡೆ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಾಕಾ ಬೇರೆ ಯಾರಿಗೂ ಕೊಡದೆ ತಾವೇ ಕಲ್ಲುಕುಟಿಗರ ಚಾಣ ಹಿಡಿದು ಅಂಚಿನಿಂದ ಒಡೆಯುತ್ತ ಇಳಿದರು. ಮೇಲಿನ ಚೂರುಗಳು ಅಂಕುಡೊಂಕಾಗಿ, ಕಲ್ಲು ಒಡೆದಂತೆಯೇ ಒಡೆದವು. ಅರ್ಧದ ಹತ್ತಿರ ಬಂದಾಗ ಒಂದು ದೊಡ್ಡ ತುಂಡು, ಪೆಟ್ಟೂ ಬೀಳದೆ, ಕಾಕಾರ ಕೈಗೆ ಹಾಗೇ ಬಂತು. ಅದರ ತಳ ಹಲಗೆಯಂತೆ ಸಪಾಟಾಗಿತ್ತು. ಕೆಳಗೆ, ಭಟ್ಟಿಯ ಸುತ್ತ, ಒಂದು ಕಪ್ಪು ಗೆರೆ. ಬಳೆಯಂತೆ ಪೂರ್ತಿ ಸುತ್ತು. ನಾನು ಸೆರಗಿನಿಂದ ಒರೆಸಬೇಕೆಂದಿದ್ದ ದೂಳು.

ಕಾಕಾ ಆ ಗೆರೆಯೊಳಗೆ ಹೆಬ್ಬೆರಳಿನ ಉಗುರು ಇಟ್ಟರು. ಉಗುರು ಇಳಿಯಿತು. ಸುತ್ತಲೂ ಎಳೆದರು. ಎಲ್ಲೂ ತಡೆಯಲಿಲ್ಲ.

"ಎರಡ ಕಲ್ಲ," ಎಂದರು.

ಶಿವಲಿಂಗ ನನ್ನ ಪಕ್ಕದಲ್ಲೇ ನಿಂತಿದ್ದ. ಏನೋ ಚೇಷ್ಟೆ ಮಾಡುತ್ತಾನೆಂದುಕೊಂಡೆ. ಅವನು ಆ ತುಂಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಸೋಮವಾರ ನನ್ನ ಮಗಳದ ಬರ್ತ್‌ಡೇ ಐತ್ರಿ, ಅಕ್ಕಾರ," ಎಂದ. ಅಷ್ಟೇ ಹೇಳಿದ. ನನಗೆ ಓಡಿ ಹೋಗಿ ಇಡೀ ಕೊಲ್ಹಾಪುರಕ್ಕೆ ಕೂಗಿ ಹೇಳಬೇಕು ಅನ್ನುವಷ್ಟು ಖುಷಿ!

ಅಂದೇ ಆಫೀಸಿನಲ್ಲಿ ಕುಳಿತು ರಿಪೋರ್ಟಿನ ಹಾಳೆ ಬದಲಿಸಿದೆವು. 'ಕೆಲಸ ನಡುವೆ ನಿಂತಿತೇ' ಎಂಬ ಪ್ರಶ್ನೆ ತೆಗೆದುಹಾಕಿದೆ. ಅದಕ್ಕೆ ಬದಲಾಗಿ ಪ್ರತಿ ಪದರಕ್ಕೂ ಮೂರು ಖಾಲಿ ಜಾಗ: ಪುಡಿ ಸುರಿದ ಸಮಯ, ಬಡಿದ ಸಮಯ, ಕೆರೆದ ಸಮಯ. ಹೌದು, ಇಲ್ಲ ಎಂದರೆ ಮನುಷ್ಯ ತನ್ನ ರೂಢಿಯನ್ನು ಕೇಳಿ ಉತ್ತರ ಕೊಡುತ್ತಾನೆ. ಎಷ್ಟು ಗಂಟೆ ಎಂದರೆ ಗಡಿಯಾರ ನೋಡಿ ಕೊಡುತ್ತಾನೆ. ಈ ಬದಲಾವಣೆ ಹೇಳಿದ್ದು ನಾನು. ಇನ್ನೊಂದು ನಿಯಮ ಕಾಕಾ ತಾವಾಗಿ ಬರೆಸಿದರು: ಬೆಳಗ್ಗೆ ಒಂಬತ್ತಕ್ಕೆ ಫಾರ್ಮರ್ ಬರದಿದ್ದರೆ ಅಂದು ಲೈನಿಂಗ್ ಇಲ್ಲ. ಅಜಿತ ಮರುಮಾತಿಲ್ಲದೆ ಸಹಿ ಹಾಕಿದರು. ಕಾರ್ಡಿನ ಮೇಲೆ 'ಒಂದ ಕಲ್ಲಿನ ಲೈನಿಂಗ್' ಎಂದೇ ಉಳಿಯಿತು, ಕೆಳಗೆ ಸಣ್ಣ ಅಕ್ಷರದಲ್ಲಿ 'ಉಗುರು ಸಿಗಬಾರದು'. ಬೇರೆ ಫೌಂಡ್ರಿಗಳವರೂ ಈಗ ಆ ಕಾರ್ಡಿನ ನಕಲು ಒಯ್ಯುತ್ತಾರೆ.

ಭಾನುವಾರ ಹೊಸ ಲೈನಿಂಗ್. ಕಾಕಾ ಬೆಳಗ್ಗೆ ಏಳಕ್ಕೆ ಪುಡಿಗೆ ಕೈ ಮುಗಿದು ಶುರುಮಾಡಿ ಒಂದೂವರೆಗೆ ಮುಗಿಸಿದರು. ಸೋಮವಾರ ಸಂಜೆ ಮೊದಲ ಹೀಟ್, ಅಂದರೆ ಹೊಸ ಗೋಡೆಯಲ್ಲಿ ಮೊದಲ ಸಲ ಕರಗಿಸಿದ ಕಬ್ಬಿಣವನ್ನು ಹೊರಗೆ ಹುಯ್ಯುವುದು. ಐದು ಗಂಟೆಗೆ ಆಗಬೇಕಿತ್ತು. ನಾನು ದೂರದ ಹಳದಿ ಗೆರೆಯ ಹಿಂದೆ ನಿಂತಿದ್ದೆ. ಶಿವಲಿಂಗ ಪ್ಲ್ಯಾಟ್‌ಫಾರ್ಮಿನ ಮೇಲೆ. ಅವನ ಪಕ್ಕದಲ್ಲಿ, ಅಲ್ಲಿ ನಿಲ್ಲುವ ಕೆಲಸವೇ ಇಲ್ಲದ ಪಾಯಗೊಂಡ ಕಾಕಾ.

ಐದು ಹತ್ತಾಯಿತು. ಐದೂಕಾಲಾಯಿತು. ತಾಪ ಇನ್ನೂ ಸ್ವಲ್ಪ ಕಡಿಮೆ ಇತ್ತು.

"ಕಾಕಾ, ಹೊತ್ತ ಆತ್ರಿ. ಹೋಗಿ ಊಟಾ ಮಾಡ್ರಿ. ನಾ ಇಲ್ಲೇ ಅದೇನಲ್ರಿ," ಎಂದ ಶಿವಲಿಂಗ.

"ನೀ ಇದ್ದಿ ಅಂತನ ನಿಂತೇನಿ," ಎಂದರು ಕಾಕಾ. "ಕಬ್ಬಿಣಾ ನೋಡ, ನನ್ನ ಮಾರಿ ನೋಡಬ್ಯಾಡ."

ಆರು ಗಂಟೆ ಐದು ನಿಮಿಷಕ್ಕೆ ಭಟ್ಟಿ ಬಾಗಿತು. ಕಿತ್ತಳೆಯೂ ಅಲ್ಲದ, ಬಿಳಿಯೂ ಅಲ್ಲದ ಒಂದು ಬ್ಲೌಸ್ ಬಣ್ಣವನ್ನು ನಾನು ಅಂಗಡಿಗಳಲ್ಲಿ ವರ್ಷಗಟ್ಟಲೆ ಹುಡುಕಿದ್ದೇನೆ. ಆ ಬಣ್ಣ ಧಾರೆಯಾಗಿ ಇಳಿಯಿತು. ಖಾಲಿಯಾದ ಭಟ್ಟಿಯೊಳಗೆ ಗೋಡೆ ಬೆಳಗುತ್ತಿತ್ತು, ಮೇಲಿಂದ ಕೆಳಗಿನವರೆಗೆ ಒಂದೇ ಕೆಂಪು, ಎಲ್ಲಿಯೂ ಗೆರೆಯಿಲ್ಲ. ಹೊರಗೆ ಹೊತ್ತು ಮುಳುಗಿತ್ತು. ಕಾಕಾ ಡಬ್ಬಿಯನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡರು. ಅಂದು ರಾತ್ರಿ ಅವರು ಉಣ್ಣಲಿಲ್ಲ. ನೇಮ ಮುರಿಯಲಿಲ್ಲ, ಶಿವಲಿಂಗನನ್ನು ಬಿಟ್ಟೂ ಹೋಗಲಿಲ್ಲ.

ಆ ಕೆಲಸದಿಂದ ನಾನು ಕಲಿತದ್ದು ಇಷ್ಟು. ಒಂದು ಶಬ್ದದ ಅರ್ಥವನ್ನು ಡಿಕ್ಷನರಿ ಹೇಳುತ್ತದೆ, ಅದನ್ನು ಪಾಲಿಸಲು ಏನು ತಗಲುತ್ತದೆ ಎಂಬುದನ್ನು ಜನ ಹೇಳುತ್ತಾರೆ. ಅನುವಾದಿಸುವವಳು ಎರಡು ಕಡೆಯೂ ಹೋಗಿ ಬರಬೇಕು. ಬರೆದ ವಾಕ್ಯಕ್ಕೂ ಕಣ್ಣಾರೆ ಕಂಡದ್ದಕ್ಕೂ ತಾಳೆಯಾಗದಿದ್ದರೆ, ಮುಂದಿನ ವಾಕ್ಯಕ್ಕೆ ಹೋಗುವ ಮೊದಲು ಚಪ್ಪಲಿ ಮೆಟ್ಟಿ ಹೊರಡಬೇಕು.